ಅತ್ತಿಗೆಯ ಸರದಿ

ನಮ್ಮೂರಿನಲ್ಲಿ ಸೊಳ್ಳೆ ಹೊಡೆಯಲು ಯಾರಿಗೂ ಬರುವುದಿಲ್ಲ. ಎರಡು ಅಂಗೈಯನ್ನು ಗಾಳಿಯಲ್ಲಿ ಪಟ್ಟೆಂದು ಬಡಿದು, ಬಿಡಿಸಿ ನೋಡಿ, 'ಛೆ, ತಪ್ಪಿಸ್ಕೊಂತು' ಅನ್ನುತ್ತಾರಲ್ಲ ಪರವೂರಿನವರು, ಅದನ್ನು ನಾನು ಮೊದಲು ನೋಡಿದ್ದೇ ಮಾದೇಶಣ್ಣನ ಮದುವೆಯಲ್ಲಿ. ಹೆಣ್ಣಿನ ಕಡೆಯವರೆಲ್ಲ ಚಪ್ಪರದ ಕೆಳಗೆ ಕೂತು ಅಭ್ಯಾಸಬಲದಿಂದ ಕಿವಿಯ ಹತ್ತಿರ ಕೈ ಬೀಸುತ್ತಲೇ ಇದ್ದರು. ಅಲ್ಲಿ ಒಂದೇ ಒಂದು ಸೊಳ್ಳೆ ಇರಲಿಲ್ಲ! ನಾವು ಹುಡುಗಿಯರು ಅದು ಅವರ ಕಡೆಯ ನಮಸ್ಕಾರವಿರಬೇಕು ಅಂದುಕೊಂಡು, ಎದುರಿಗೆ ನಿಂತು ನಾವೂ ಕಿವಿಯ ಹತ್ತಿರ ಕೈ ಬೀಸಿದೆವು. ಮದುಮಗಳು ತಲೆ ಬಗ್ಗಿಸಿಕೊಂಡು ನಗು ತಡೆಯಲಾರದೆ ಒದ್ದಾಡಿದಳು. ಆ ಮದುಮಗಳೇ ವಾರಿಜ, ನನ್ನ ಅತ್ತಿಗೆ. ಈ ಕಥೆ ಅವಳದು. ನಡುನಡುವೆ ನಾನು ಬರುತ್ತೇನೆ, ಯಾಕೆಂದರೆ ಅವಳ ಹಿಂದೆ ಹಿಂದೆ ಸುತ್ತುತ್ತಿದ್ದವಳು ನಾನೇ.

ಮೊದಲು ತೋಳುಕಟ್ಟೆಯ ಸುದ್ದಿ ಹೇಳಿಬಿಡುತ್ತೇನೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಪ್ರತಿ ಬೀದಿಯಿಂದ ಒಬ್ಬರು, ಒಬ್ಬರೇ, ಬೀದಿಯ ಕೊನೆಯ ಕಲ್ಲುಕಟ್ಟೆಯ ಮೇಲೆ ತೋಳು ಬರಿದು ಮಾಡಿಕೊಂಡು ಕೂರಬೇಕು. ಕೆರೆಯ ಕಡೆಯಿಂದ ಸೊಳ್ಳೆಗಳು ಹೊಗೆ ಎದ್ದ ಹಾಗೆ ಬರುತ್ತವೆ. ಕೂರುತ್ತವೆ, ಕುಡಿಯುತ್ತವೆ, ಹೋಗುತ್ತವೆ. ಅಷ್ಟೇ. ಆಮೇಲೆ ಮಾರನೆಯ ಸಂಜೆಯವರೆಗೆ ತೊಟ್ಟಿಲ ಕೂಸನ್ನು ಬಯಲಲ್ಲಿ ಮಲಗಿಸಿದರೂ ಒಂದು ಸೊಳ್ಳೆ ಹತ್ತಿರ ಸುಳಿಯುವುದಿಲ್ಲ. ಇದನ್ನು ಯಾರು ಯಾರ ಹತ್ತಿರ ಮಾತಾಡಿ ಮಾಡಿಕೊಂಡರು, ಸೊಳ್ಳೆಯ ಕಡೆಯಿಂದ ಮಾತಿಗೆ ಯಾರು ಬಂದಿದ್ದರು ಎಂದು ಚಿಕ್ಕವಳಿದ್ದಾಗ ಅವ್ವನನ್ನು ಕೇಳಿದ್ದೆ. "ನೀರು ಯಾಕೆ ಇಳಿಜಾರಿಗೇ ಹರೀತದೆ ಅಂತ ಕೇಳಿದ್ದೀಯಾ? ಹೋಗು, ಅಕ್ಕಿ ಆರಿಸು," ಅಂದಳು.

ಸರದಿ ಮನೆಯಿಂದ ಮನೆಗೆ ಸಾಲಾಗಿ ಹೋಗುತ್ತದೆ, ತಿಂಗಳಿಗೊಮ್ಮೆ ಒಂದು ಮನೆಗೆ ಬರುತ್ತದೆ. ಮನೆಯೊಳಗೆ ಮತ್ತೆ ಒಬ್ಬರಾದ ಮೇಲೊಬ್ಬರು. ಮಕ್ಕಳು, ಬಸುರಿ, ಬಾಣಂತಿ ಕೂರುವಂತಿಲ್ಲ, ಜ್ವರ ಬಂದವರೂ ಕೂರುವಂತಿಲ್ಲ. ಕೂತವರ ತೋಳು ಕಡುಬಿನ ಹಾಗೆ ಊದಿಕೊಳ್ಳುತ್ತದೆ, ಮಜ್ಜಿಗೆ ಹಚ್ಚುತ್ತಾರೆ. ಮಾರನೆಯ ಬೆಳಿಗ್ಗೆ ಪಕ್ಕದ ಮನೆಯವರು ಹುರುಳಿಕಟ್ಟಿನ ಸಾರು ಕಳಿಸಬೇಕು, ಕಳಿಸಿಯೇ ಕಳಿಸುತ್ತಾರೆ. ಆ ಸಾರಿನ ರುಚಿ ಇಟ್ಟುಕೊಂಡು ಎಷ್ಟು ಜಗಳ, ಎಷ್ಟು ನೆಂಟಸ್ತನ! ಒಮ್ಮೆ ಒಂದು ಮದುವೆಯ ಗದ್ದಲದಲ್ಲಿ ಇಡೀ ಬೀದಿ ಸರದಿಯನ್ನೇ ಮರೆತು, ಸೊಳ್ಳೆಗಳೆಲ್ಲ ನೆಟ್ಟಗೆ ಚಪ್ಪರಕ್ಕೆ ಬಂದು, ಮದುಮಗನ ಮುಖ ಊದಿ, ಧಾರೆಯ ಹೊತ್ತಿಗೆ ಮಾವನೇ ಅಳಿಯನ ಗುರುತು ಹಿಡಿಯದೆ 'ಈತ ಯಾರಪ್ಪ' ಅಂದನಂತೆ. ಅದಾದ ಮೇಲೆ ಯಾರೂ ಮರೆತಿಲ್ಲ. ಸರದಿ ತಪ್ಪಿಸುವವರನ್ನು 'ತೋಳುಗಳ್ಳ' ಅನ್ನುತ್ತಾರೆ. ಕಳ್ಳ ಅನ್ನಿಸಿಕೊಂಡರೂ ಬಾಳಬಹುದು, ತೋಳುಗಳ್ಳ ಅನ್ನಿಸಿಕೊಂಡರೆ ನೀರು ಸೇದುವ ಕಡೆ ತಲೆ ಎತ್ತುವಂತಿಲ್ಲ.

ನಮ್ಮ ಬೀದಿಯ ಬೋರಯ್ಯ ಮೇಷ್ಟ್ರು ಜೀವಮಾನದಲ್ಲಿ ಒಂದು ಸರದಿಯನ್ನೂ ತಪ್ಪಿಸಿದವರಲ್ಲ. ಹೆಂಡತಿ ತೀರಿಕೊಂಡ ವಾರವೂ ಕೂತಿದ್ದರು. ಶಾಲೆಯಲ್ಲಿ ಡ್ರಿಲ್ ಕಲಿಸುತ್ತಿದ್ದವರು, ಕಟ್ಟೆಯ ಮೇಲೂ ಬೆನ್ನು ನೆಟ್ಟಗೆ, ತೋಳು ನೆಟ್ಟಗೆ. ನಮ್ಮ ಮಾದೇಶಣ್ಣ ಹಾಗಲ್ಲ. ಅವನು ಕಟ್ಟೆಯ ಮೇಲೆ ಮದುವೆ ಊಟಕ್ಕೆ ಬಡಿಸುವವನ ಹಾಗೆ ಸೊಳ್ಳೆಗಳಿಗೆ ಉಪಚಾರ ಹೇಳುತ್ತಿದ್ದ. "ಬನ್ನಿ ಬನ್ನಿ, ಕೂತ್ಕೊಳ್ಳಿ. ನೂಕಾಡ್ಬೇಡ್ರಪ್ಪಾ. ಸಾವಕಾಶ, ಎರಡನೇ ಪಂಕ್ತಿಗೂ ಇದೆ!" ಬೀದಿಯ ಹುಡುಗರೆಲ್ಲ ಜಗಲಿಯ ಮೇಲೆ ನಿಂತು ಬಿದ್ದು ಬಿದ್ದು ನಗುತ್ತಿದ್ದರು.

ಅತ್ತಿಗೆ ಬೆಟ್ಟದಾಚೆಯ ಊರಿನವಳು. ಅಲ್ಲಿ ಕಟ್ಟೆಯೂ ಇಲ್ಲ, ಸರದಿಯೂ ಇಲ್ಲ. ಸೊಳ್ಳೆ ಯಾರನ್ನು ಬೇಕಾದರೂ ಯಾವಾಗ ಬೇಕಾದರೂ ಕಚ್ಚುತ್ತದೆ. "ನಮ್ಮೂರಲ್ಲಿ ಹಾಲುಹಲ್ಲು ಬೀಳೋದೂ ಕೆಂಜ್ವರ ಬರೋದೂ ಒಟ್ಟೊಟ್ಟಿಗೆ," ಅಂತ ನಗುತ್ತಾ ಹೇಳುತ್ತಿದ್ದಳು. ಕೆಂಜ್ವರ ಅಂದರೆ ಮೈಯೆಲ್ಲ ಕೆಂಪಗೆ ದದ್ದು ಎದ್ದು ಬರುವ ಜ್ವರ. ಒಮ್ಮೆ ಬಂದು ಹೋದರೆ ಆ ಮೈಗೆ ಮತ್ತೆ ಬರುವುದಿಲ್ಲ, ಬಂದಾಗ ಮಾತ್ರ ಬದುಕಿ ಉಳಿಯಬೇಕು. ಅತ್ತಿಗೆ ನಮ್ಮೂರ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿದಳು. ಸೂಜಿ ಚುಚ್ಚಿದ್ದೇ ಗೊತ್ತಾಗುತ್ತಿರಲಿಲ್ಲ, ಅಷ್ಟು ಹಗುರ ಕೈ. ನನಗಂತೂ ಅವಳೆಂದರೆ ಹುಚ್ಚು. ಅವಳ ಹಾಗೆ ಜಡೆ ಹಾಕಿಕೊಂಡೆ, ಅವಳ ಹಾಗೆ ಹುಬ್ಬು ಏರಿಸಿ ಮಾತಾಡಲು ಕಲಿತೆ.

ಆದರೆ ಅವಳು ಕಟ್ಟೆಯ ಮೇಲೆ ಕೂರಲಿಲ್ಲ. ಮದುವೆಯಾಗಿ ಬಂದ ಮೊದಲ ವರ್ಷ ಅವಳ ಸರದಿ ಬಂದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿಬಿಟ್ಟಳು: "ಅತ್ತೆ, ಬೈಕೊಳ್ಳಿ ಬೇಕಾದ್ರೆ. ನನ್ನ ತಮ್ಮ ಸೊಳ್ಳೆ ಕಚ್ಚಿ ಕಚ್ಚಿ ಕೆಂಜ್ವರ ಬಂದು ನನ್ನ ಮಡಿಲಲ್ಲೇ ಹೋದ. ಅವುಗಳಿಗೆ ನಾನು ಬಡಿಸಲ್ಲ." ಅವ್ವ ಬಾಯಿ ತೆರೆಯುವ ಮೊದಲೇ ಮಾದೇಶಣ್ಣ ಅಂಗಿಯ ತೋಳು ಮಡಚುತ್ತಾ ಎದ್ದ. "ಆಯ್ತು ಬಿಡೆ, ನನ್ನ ರಕ್ತಾನೇ ಸಿಹಿ ಅಂತೆ, ಗಿರಾಕಿಗಳು ಹೇಳ್ತಾರೆ." ಅವತ್ತಿನಿಂದ ಅವಳ ಸರದಿಯೂ ಅವನದೇ. ಬೀದಿಯವರು ಮುಸಿಮುಸಿ ನಕ್ಕರು, ಒಂದಿಬ್ಬರು ತೋಳುಗಳ್ಳಿ ಅಂದರು, ಆದರೆ ಕಟ್ಟೆ ಖಾಲಿ ಬೀಳಲಿಲ್ಲವಾದ್ದರಿಂದ ಸುಮ್ಮನಾದರು.

ಆಮೇಲೆ ಆ ಮಳೆಗಾಲ ಬಂತು. ಬೋರಯ್ಯ ಮೇಷ್ಟ್ರು ಬೆಟ್ಟದಾಚೆ ಮಗಳ ಮನೆಗೆ ಹೋಗಿಬಂದರು. ಬಂದವರು ಶಾಲು ಹೊದ್ದುಕೊಂಡೇ ಓಡಾಡಿದರು. ಅವರ ಸರದಿಯ ಸಂಜೆಯೂ ಹೆಗಲ ಮೇಲೆ ಶಾಲು ಇತ್ತು, ತೋಳು ಮಾತ್ರ ಹೊರಗೆ. ಹಲ್ಲು ಕಟಕಟ ಅನ್ನುತ್ತಿದ್ದರೂ ಬೆನ್ನು ಬಾಗಲಿಲ್ಲ. ಎಂಥ ಮನುಷ್ಯ ಅಂತ ನಾವೆಲ್ಲ ಮೆಚ್ಚಿಕೊಂಡೆವು. ಮೆಚ್ಚಿಕೊಂಡೆವಲ್ಲ, ಅದನ್ನೇ ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ಬೀದಿಯ ಸೊಳ್ಳೆಗಳೆಲ್ಲ ಆ ಸಂಜೆ ಆ ಒಂದೇ ಮೈಯಿಂದ ಕುಡಿದವು.

ಒಂದೂವರೆ ವಾರ ಏನೂ ಆಗಲಿಲ್ಲ. ಆಮೇಲೆ ಕಟ್ಟೆಯ ಮೇಲೆ ಕೂತವರು ಒಬ್ಬೊಬ್ಬರಾಗಿ ಮಲಗತೊಡಗಿದರು. ನಮ್ಮ ಮನೆಯ ಸರದಿ ಬಂತು. ಮನೆಯೊಳಗೆ ಅದು ಅತ್ತಿಗೆಯ ಸರದಿ. ಎಂದಿನ ಹಾಗೆ ಮಾದೇಶಣ್ಣ ಎದ್ದು ಹೋಗಿ, ಬನ್ನಿ ಬನ್ನಿ ಅಂದು, ಮಜ್ಜಿಗೆ ಹಚ್ಚಿಸಿಕೊಂಡು ಮಲಗಿದ. ಕೆಲವು ದಿನಕ್ಕೆ ಜ್ವರ ಏರಿತು. ಎದೆಯ ಮೇಲೆ ಕೆಂಪು ದದ್ದು ನೋಡಿದ ಕೂಡಲೇ ಅತ್ತಿಗೆ ಗೋಡೆ ಹಿಡಿದುಕೊಂಡು ಕೂತುಬಿಟ್ಟಳು. ಬೀದಿಯಲ್ಲಿ ಜ್ವರ ಬಂದು ಮಲಗಿದವರಲ್ಲಿ ಹೆಚ್ಚಿನವರು ಎದ್ದರು. ಮೇಷ್ಟ್ರೂ ಎದ್ದರು. ಮಾದೇಶಣ್ಣ ಏಳಲಿಲ್ಲ.

ತಿಥಿ ಮುಗಿದ ದಿನ ಅತ್ತಿಗೆ ಜಗಲಿಯ ಮೇಲೆ ಕೂತು, ಬೀದಿಯ ಮನೆಗಳನ್ನು ಒಂದೊಂದಾಗಿ ನೋಡುತ್ತಾ ನನ್ನನ್ನು ಕೇಳಿದಳು: "ಚಂಪೀ, ಎದುರುಮನೇಲಿ ಯಾರಿಗೂ ಜ್ವರ ಬಂದಿಲ್ಲ ಅಲ್ವಾ?"

"ಇಲ್ಲ ಅತ್ತಿಗೆ. ಅವರ ಮನೇಲಿ ಬಾಣಂತಿ, ಗಂಡ ಊರಲ್ಲಿಲ್ಲ. ಈ ಸುತ್ತು ಅವರಿಗೆ ಸರದಿ ಬಿಟ್ಟಿದ್ದಾರೆ."

"ಆ ಕಡೆ ಮನೆಗೆ ಬಂದಿದೆ, ಈ ಕಡೆ ಮನೆಗೆ ಬಂದಿದೆ. ನಡುವಿನ ಮನೆ ಬಿಟ್ಟು ಹಾರಿದೆ. ಜ್ವರ ಗಾಳೀಲಿ ಬರ್ತಿಲ್ಲ ಕಣೆ. ಸರದಿ ಹಿಡ್ಕೊಂಡು ಬರ್ತಿದೆ."

ಅವಳು ನೇರ ಮೇಷ್ಟ್ರ ಮನೆಗೆ ನಡೆದಳು. ನಾನೂ ಹಿಂದೆ ಓಡಿದೆ. ಮೇಷ್ಟ್ರು ಚಾಪೆಯ ಮೇಲೆ ಒರಗಿದ್ದರು, ಅರ್ಧ ಆಗಿಹೋಗಿದ್ದರು. "ಮೇಷ್ಟ್ರೇ, ಅವತ್ತು ಕೂತಾಗ ನಿಮಗೆ ಜ್ವರ ಇತ್ತಾ?" ಅಂದಳು. "ಇತ್ತು ತಾಯಿ. ಆಗಲ್ಲ ಅಂತ ಹೇಳೋದು ಹೆಂಗೆ ಅಂತ ನನಗೆ ಗೊತ್ತಿರಲಿಲ್ಲ," ಅಂದರು. ಅತ್ತಿಗೆ ಬೈಯುತ್ತಾಳೆ, ಕಿರುಚುತ್ತಾಳೆ ಅಂದುಕೊಂಡೆ. ಅವಳು ಬಾಗಿಲಲ್ಲಿ ನಿಂತು, "ನಿಮ್ಮೊಬ್ಬರದೇ ಅಲ್ಲ. ಆಮೇಲೂ ಇಬ್ಬರು ಮೈ ಬೆಚ್ಚಗಿದ್ದಾಗಲೇ ಹೋಗಿ ಕೂತಿದ್ದಾರೆ, ತೋಳುಗಳ್ಳ ಅಂದ್ಬಿಟ್ಟಾರು ಅಂತ," ಎಂದಳು. ಮನೆಗೆ ಬಂದವಳೇ ಸೀರೆ ಬದಲಿಸಿ ಬೆಟ್ಟದಾಚೆಗೆ ಹೊರಟಳು.

ಹಿಂದಿರುಗಿದ್ದು ಒಂದು ಗೂಡ್ಸ್ ಆಟೋದಲ್ಲಿ, ತಗಡಿನ ಪೆಟ್ಟಿಗೆಗಳ ಜೊತೆ. ಪೆಟ್ಟಿಗೆಯ ಒಂದು ಬದಿಗೆ ತೆಳ್ಳನೆಯ ಬಲೆಬಟ್ಟೆ. ಕಿವಿಯಿಟ್ಟರೆ ಒಳಗೆ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಅವೆಲ್ಲ ಗಂಡು ಸೊಳ್ಳೆಗಳು, ಕಚ್ಚುವುದಿಲ್ಲ. ಪೆಟ್ಟಿಗೆಗಳನ್ನು ತಂದವರು ಫಕ್ರುದ್ದೀನಣ್ಣ, ಅವುಗಳನ್ನು ಬೆಳೆಸುವ ಕಡೆ ಕೆಲಸ ಮಾಡುವವರು. ನಮ್ಮ ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಬಿಡಿಸಿ ಹೇಳಿದರು: "ಇದು ವಿಷ ಅಲ್ಲ ತಾಯಿ. ಇವನ್ನ ಕೆರೆ ಹತ್ರ ಬಿಟ್ರೆ ನಿಮ್ಮ ಹೆಣ್ಣುಸೊಳ್ಳೆಗಳ ಜೊತೆ ಸೇರ್ತವೆ. ಮೊಟ್ಟೆ ಇಡ್ತವೆ, ಮರಿ ಆಗಲ್ಲ. ಈಗ ಇರೋವು ಇರ್ತವೆ, ಮುಂದಿನವು ಹುಟ್ಟಲ್ಲ. ಒಂದು ಮಳೆಗಾಲ ಕಳೆದ್ರೆ ಖಾಲಿ." ಪೆಟ್ಟಿಗೆಯಲ್ಲಿ ಇವು ಬಹಳ ದಿನ ಬದುಕುವುದಿಲ್ಲ, ವಾರದೊಳಗೆ ಬಿಡಬೇಕು ಎಂದೂ ಹೇಳಿದರು. ಅತ್ತಿಗೆ ಹತ್ತಿಯನ್ನು ಸಕ್ಕರೆ ನೀರಿನಲ್ಲಿ ಅದ್ದಿ ಒಂದೊಂದು ಪೆಟ್ಟಿಗೆಯ ಬಲೆಗೂ ಒತ್ತಿದಳು. ಸೊಳ್ಳೆ ಅಂದರೆ ಉರಿದು ಬೀಳುವವಳು, ಆ ಬೆರಳುಗಳಲ್ಲಿ ಎಷ್ಟು ಜೋಪಾನ!

ನಮ್ಮೂರಿನಲ್ಲಿ ಇನ್ನೊಂದು ರೂಢಿಯಿದೆ. ಊರಿಗೆ ನೋವು ಬಂದಾಗ, ಹೆಚ್ಚು ಕಳಕೊಂಡ ಮನೆಯ ಮಾತೇ ಕೊನೆಯ ಮಾತು. ಹಾಗಾಗಿ ಪೆಟ್ಟಿಗೆ ತೆಗೆಯುವುದೋ ಬೇಡವೋ ನಮ್ಮ ಮನೆ ಹೇಳಬೇಕು. ಮಾರನೆಯ ಮಧ್ಯಾಹ್ನ ಬೀದಿಯವರೆಲ್ಲ ಕಟ್ಟೆಯ ಸುತ್ತ ಸೇರಿದರು. ಎಲ್ಲರೂ ಅವ್ವನ ಕಡೆ ನೋಡಿದರು. ಅವ್ವ, "ಹೊಟ್ಟೇಲಿ ಹೊತ್ತವಳು ನಾನು. ಆದ್ರೆ ಉಳಿದ ಆಯಸ್ಸೆಲ್ಲ ಅವನಿಲ್ಲದೆ ಕಳೆಯೋಳು ಅವಳು. ಅವಳ ಮಾತೇ ನಮ್ಮ ಮನೆ ಮಾತು," ಅಂದು ಸೆರಗು ಬಾಯಿಗೆ ಹಿಡಿದುಕೊಂಡಳು.

ಅವತ್ತೇ ಸಂಜೆ ಸರದಿ ತಿರುಗಿ ನಮ್ಮ ಮನೆಗೆ ಬಂದಿತ್ತು. ಮನೆಯೊಳಗೆ ಅದು ನನ್ನ ಸರದಿ, ನನ್ನ ಮೊಟ್ಟಮೊದಲ ಸರದಿ. ಹದಿನೆಂಟು ತುಂಬುವುದನ್ನೇ ಕಾಯುತ್ತಿದ್ದೆ. ಕಟ್ಟೆಯ ಮೇಲೆ ಯಾವ ಬಣ್ಣದ ರವಿಕೆ ಹಾಕಬೇಕು ಎಂದು ಚಿಕ್ಕಂದಿನಿಂದ ಯೋಚಿಸಿಟ್ಟುಕೊಂಡಿದ್ದೆ! ಈಗ ಆ ಹಳದಿ ರವಿಕೆಯ ಕಡೆ ತಿರುಗಿಯೂ ನೋಡಲಿಲ್ಲ. ಪೆಟ್ಟಿಗೆ ತೆಗೆದರೂ ತೆಗೆಯದಿದ್ದರೂ ಅವತ್ತಿನ ಸೊಳ್ಳೆಗಳು ಅವತ್ತು ಬಂದೇ ಬರುತ್ತವೆ. ಯಾರೂ ಕೂರದಿದ್ದರೆ ಮನೆಮನೆಗೆ ನುಗ್ಗುತ್ತವೆ, ತೊಟ್ಟಿಲುಗಳಿಗೆ ನುಗ್ಗುತ್ತವೆ.

ಮಾತು ಶುರುಮಾಡಿದವಳು ಚೆಲುವಮ್ಮ. ಕೆರೆಯ ಮೀನು ಮಾರುವವಳು, ಬಾಯಿ ಬಿಟ್ಟರೆ ಮೂರು ಬೀದಿಗೆ ಕೇಳಿಸುತ್ತದೆ. "ಏನು ನೋಡ್ತಾ ನಿಂತಿದ್ದೀರಿ? ತೆಗೀರಿ ಪೆಟ್ಗೇನಾ! ನನ್ನ ಮಗ ಕೆಂಜ್ವರದಾಗೆ ಬಿದ್ದವ್ನೆ, ಇನ್ನೂ ಎದ್ದಿಲ್ಲ."

"ಚೆಲುವಿ, ಮರಿಮೀನೆಲ್ಲ ಸೊಳ್ಳೆಮರೀನೇ ತಿಂದು ಬೆಳೆಯೋದು ಅಂತ ನೀನೇ ಹೇಳ್ತಿದ್ದೆ," ಅಂದರು ಮೇಷ್ಟ್ರು, ಕೋಲು ಊರಿಕೊಂಡು.

"ಹೇಳ್ತಿದ್ದೆ. ಮೀನು ಹೋದ್ರೆ ಸೊಪ್ಪು ಮಾರ್ತೀನಿ. ಮಗ ಹೋದ್ರೆ ಏನು ಮಾರ್ಲಿ? ಹೇಳಿ ಮೇಷ್ಟ್ರೇ, ನೀವೇ ತಂದಿದ್ದು ಜ್ವರಾನ."

ಮೇಷ್ಟ್ರು ತಲೆ ತಗ್ಗಿಸಿದರು. ಯಾರೋ ಸೊಳ್ಳೆ ನಮಗೆ ಕೊಟ್ಟ ಮಾತು ತಪ್ಪಿಲ್ಲವಲ್ಲ ಅಂದರು. ಇನ್ಯಾರೋ, ಮಾತು ಕೊಟ್ಟವರನ್ನು ಹಿಂದಿನಿಂದ ಇರಿದ ಹಾಗಾಗುತ್ತೆ ಇದು ಅಂದರು. ಚೆಲುವಮ್ಮ, "ಹಂಗಾದ್ರೆ ಇವತ್ತು ನಿನ್ನ ಮಗಳನ್ನ ಕಳ್ಸು, ಚಂಪಿ ಬದ್ಲಿಗೆ ಕೂರ್ಲಿ," ಎಂದದ್ದೇ ತಡ, ಅವರು ಹಿಂದೆ ಸರಿದರು. ಅತ್ತಿಗೆ ಎಲ್ಲ ಕೇಳಿಸಿಕೊಳ್ಳುತ್ತಾ ಪೆಟ್ಟಿಗೆಯ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಳು. ತೆಗೆದೇಬಿಡುತ್ತಾಳೆ ಅಂದುಕೊಂಡೆ. ಅವಳ ಹೆಬ್ಬೆರಳು ಚಿಲಕವನ್ನು ಅರ್ಧ ಸರಿಸಿಯೂ ಇತ್ತು, ನಾನು ನೋಡಿದೆ.

ಅಷ್ಟರಲ್ಲಿ ಪಟ್ಟೆಂದು ಸದ್ದಾಯಿತು. ಫಕ್ರುದ್ದೀನಣ್ಣ ತಮ್ಮ ಕತ್ತಿಗೆ ತಾವೇ ಹೊಡೆದುಕೊಂಡಿದ್ದರು. ನಡು ಮಧ್ಯಾಹ್ನ. ಅಲ್ಲಿ ಸೊಳ್ಳೆಯ ಸುಳಿವೇ ಇರಲಿಲ್ಲ.

ಅತ್ತಿಗೆ ನಿಧಾನವಾಗಿ ತಿರುಗಿದಳು. "ಅಣ್ಣಾ, ನಿಮ್ಮ ಬೀದೀಲೂ ಈ ಪೆಟ್ಟಿಗೆ ತೆಗೆದು ಮೂರ್ನಾಲ್ಕು ವರ್ಷ ಆಯ್ತು, ಸೊಳ್ಳೆ ಖಾಲಿ ಅಂದ್ರಿ."

"ಆ ಸೊಳ್ಳೆ ಖಾಲಿ, ತಾಯಿ. ಸುಳ್ಳಲ್ಲ."

"ಮತ್ತೆ ಈಗ ಯಾಕೆ ಕತ್ತು ಹೊಡ್ಕೊಂಡ್ರಿ? ಅದೂ ಹಗಲಲ್ಲಿ."

ಫಕ್ರುದ್ದೀನಣ್ಣ ಕೈಯನ್ನು ಒಮ್ಮೆ ನೋಡಿಕೊಂಡರು, ಸಿಕ್ಕಿಬಿದ್ದವರ ಹಾಗೆ ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು. ಮೊದಲೆರಡು ವರ್ಷ ಹಬ್ಬವೇ ಹಬ್ಬ. ಮಕ್ಕಳು ಅಂಗಳದಲ್ಲಿ ಮಲಗಿದರು. ಆಮೇಲೆ ಆ ನೀರಿಗೆ ಬೇರೆ ಸೊಳ್ಳೆ ಬಂತು, ಕಾಲಿಗೆ ಬಿಳಿ ಪಟ್ಟೆ ಇರುವುದು. ಹಗಲು ಹೊತ್ತು ಕಚ್ಚುತ್ತದೆ, ಶಾಲೆಯಲ್ಲಿ ಕಚ್ಚುತ್ತದೆ. "ಜಾಗ ಖಾಲಿ ಇತ್ತಲ್ಲ, ಬಂದು ಸೇರ್ಕೊಂತು. ಕೆರೆ ಮೇಲೆ ಸಂಜೆ ಸೊಳ್ಳೆ ತಿನ್ನೋ ಅಂಬರಗುಬ್ಬಿ ಎಷ್ಟು ಹಾರ್ತಿದ್ವು, ಈಗ ಕಮ್ಮಿ. ಇದಕ್ಕೇನಾ ಅಂದ್ರೆ ನನಗೆ ಗೊತ್ತಿಲ್ಲ, ಗೊತ್ತಿಲ್ದೇ ಇರೋದು ಹೇಳಲ್ಲ. ಆದ್ರೆ ಒಂದು ಕೇಳಿ. ಕೆಂಜ್ವರ ಮಾತ್ರ ನಮ್ಮ ಬೀದಿಗೆ ತಿರುಗಿ ಬಂದಿಲ್ಲ. ನನ್ನ ಮಗಳು ಉಳಿದಿದ್ದಾಳೆ. ಇನ್ನೊಂದು ಸಲ ತೆಗೀತೀಯಾ ಅಂತ ನನ್ನ ಕೇಳಿದ್ರೆ, ತೆಗೀತೀನಿ ಅಂತೀನಿ."

"ನಿಮ್ಮ ಜಾಗದಲ್ಲಿ ನಾನೂ ತೆಗೀತಿದ್ದೆ," ಅಂದಳು ಅತ್ತಿಗೆ. "ನಿಮ್ಮಲ್ಲಿ ಮಾತು ಕೇಳೋ ಸೊಳ್ಳೆ ಇರ್ಲಿಲ್ಲ."

ಅವಳು ಚಿಲಕವನ್ನು ಹಿಂದಕ್ಕೆ ತಳ್ಳಿದಳು. ಆಮೇಲೆ ಮಾತಾಡಿದಳು ನೋಡಿ, ನನಗೆ ಇವತ್ತಿಗೂ ಒಂದೊಂದು ಶಬ್ದ ನೆನಪಿದೆ. "ಇವು ಹೋದ್ರೆ ಜಾಗ ಖಾಲಿ ಇರಲ್ಲ. ಬರೋವಕ್ಕೆ ಈ ಕಟ್ಟೆ ಗೊತ್ತಿರಲ್ಲ, ಸರದಿ ಗೊತ್ತಿರಲ್ಲ. ತೊಟ್ಟಿಲು ಯಾವುದು, ತೋಳು ಯಾವುದು ಗೊತ್ತಿರಲ್ಲ. ಚೆಲುವಮ್ಮಾ, ನಿನ್ನ ಸಿಟ್ಟು ನನಗೂ ಇದೆ, ನಿನಗಿಂತ ಒಂದು ಹಿಡಿ ಜಾಸ್ತಿನೇ ಇದೆ. ಆದ್ರೆ ಈ ಜ್ವರಾನ ಇವತ್ತಿನ ಸೊಳ್ಳೆ ಹೊತ್ಕೊಂಡಿವೆ, ನಾಳೆ ಹುಟ್ಟೋವಲ್ಲ. ಸೊಳ್ಳೆ ಆಯಸ್ಸು ಒಂದು ತಿಂಗಳೂ ಇಲ್ಲ. ಅಷ್ಟು ದಿನ ಜ್ವರ ಹತ್ತದ ಮೈ ಒಂದು ಕಟ್ಟೆ ಮೇಲೆ ಕೂತ್ರೆ, ಇವು ಕುಡಿದು ಕುಡಿದು ತಮ್ಮ ಪಾಡಿಗೆ ಸಾಯ್ತವೆ. ಜ್ವರಾನೂ ಅವುಗಳ ಜೊತೆಗೇ ಹೋಗುತ್ತೆ."

"ಜ್ವರ ಹತ್ತದ ಮೈ ಎಲ್ಲಿ ತರ್ತೀಯವ್ವ?" ಅಂದಳು ಚೆಲುವಮ್ಮ.

ಅತ್ತಿಗೆ ಬಳೆಗಳನ್ನು ಮೇಲಕ್ಕೆ ಸರಿಸಿದಳು. "ನನಗೆ ಬಂದು ಹೋಗಿದೆ. ಚಿಕ್ಕವಳಿದ್ದಾಗ, ನನ್ನ ತಮ್ಮನ ಜೊತೆಗೇ. ಅವನು ಹೋದ, ನಾನು ಉಳಿದೆ."

ಅದರ ಅರ್ಥ ಬೀದಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ನನಗೆ ಹೊಳೆದಾಗ ನಾನು ಅವ್ವನ ಕಡೆ ನೋಡಿದೆ. ಅಣ್ಣ ಕೂತ ಆ ಸಂಜೆ ಇಡೀ ಬೀದಿಯಲ್ಲಿ ಕಟ್ಟೆಯ ಮೇಲೆ ಕೂತು ಏನೂ ಆಗದೆ ಎದ್ದು ಬರಬಹುದಾಗಿದ್ದವಳು ಅವಳೊಬ್ಬಳೇ. ಅದು ಅವಳದೇ ಸರದಿಯಾಗಿತ್ತು. ಅವಳು ಇದನ್ನು ಅಣ್ಣನ ಎದೆಯ ದದ್ದು ನೋಡಿದ ಆ ಕ್ಷಣದಿಂದಲೇ ತಿಳಿದಿದ್ದಳು. ಇಷ್ಟು ದಿನ ಅದನ್ನು ಹೊತ್ತುಕೊಂಡೇ ಬೆಟ್ಟ ಹತ್ತಿ ಇಳಿದಿದ್ದಳು. ಅವ್ವ ಎದ್ದು ಬಂದು ಅವಳ ಕೆನ್ನೆಗೆ ಕೈಯಿಟ್ಟಳು, "ಗೊತ್ತಿರಲಿಲ್ಲ ಕಣವ್ವ, ಯಾರಿಗೂ ಗೊತ್ತಿರಲಿಲ್ಲ," ಅಂದಳು. ಅತ್ತಿಗೆ ತಲೆಯಾಡಿಸಿದಳು. ಹೌದು ಅಂತಲೋ ಇಲ್ಲ ಅಂತಲೋ ತಿಳಿಯಲಿಲ್ಲ.

ಸಂಜೆಯಾಯಿತು. ನನ್ನನ್ನು ಜಗಲಿಯ ಮೇಲೆ ಕೂರಿಸಿ ಅತ್ತಿಗೆ ಕಟ್ಟೆಗೆ ಹೋದಳು. ಬೀದಿಯ ಜಗಲಿಗಳೆಲ್ಲ ತುಂಬಿದ್ದವು. ಕೆರೆಯ ಕಡೆ ಗಾಳಿ ಮಸುಕಾಯಿತು. ಬಂದವು. ಮೊದಲನೆಯ ಸೊಳ್ಳೆ ಅವಳ ಎಡ ಮುಂಗೈ ಮೇಲೆ ಕೂತಿತು.

ಅವಳ ಬಲಗೈ ಮೇಲೆದ್ದಿತು.

ಯೋಚಿಸಿ ಎತ್ತಿದ ಕೈಯಲ್ಲ ಅದು. ಸೊಳ್ಳೆ ಹೊಡೆಯುತ್ತಲೇ ಬೆಳೆದ ಊರಿನ ಕೈ, ತಮ್ಮನನ್ನು ಕಳಕೊಂಡ ಕೈ, ಗಂಡನನ್ನು ಕಳಕೊಂಡ ಕೈ. ಅಂಗೈ ಚಪ್ಪಟೆಯಾಗಿ ಗಾಳಿಯಲ್ಲಿ ನಿಂತಿತು. ಕಟ್ಟೆಯ ಮೇಲೆ ಸೊಳ್ಳೆ ಹೊಡೆದರೆ ಏನಾಗುತ್ತದೆಂದು ನಮ್ಮೂರಿನಲ್ಲಿ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಯಾರೂ ಹೊಡೆದಿಲ್ಲ. ಚೆಲುವಮ್ಮ, ಆ ಚೆಲುವಮ್ಮನೂ, ಮೊಮ್ಮಗಳನ್ನು ಎದೆಗೆ ಅವುಚಿಕೊಂಡಳು.

ಆಮೇಲೆ ಕೈ ನಿಧಾನವಾಗಿ ಅವಳ ಹಣೆಗೆ ಹೋಯಿತು, ಬೆವರು ಒರೆಸಿಕೊಳ್ಳುವುದಕ್ಕೇ ಎತ್ತಿದ್ದೇನೋ ಎಂಬಂತೆ. ಒರೆಸಿಕೊಂಡಳು. ಆ ಕೈಯ ಬಳೆಗಳನ್ನೂ ಮೇಲಕ್ಕೆ ಸರಿಸಿ ಎಡಗೈಯ ಪಕ್ಕದಲ್ಲೇ ಚಾಚಿದಳು. ಗಂಟಲು ಸರಿಮಾಡಿಕೊಂಡು ಅಂದಳು:

"ಬನ್ನಿ. ನೂಕಾಡ್ಬೇಡಿ. ಸಾವಕಾಶ... ಎರಡನೇ ಪಂಕ್ತಿಗೂ ಇದೆ."

ನಮ್ಮ ಬೀದಿ ಅಷ್ಟು ಅತ್ತದ್ದನ್ನು ನಾನು ಅಣ್ಣ ಹೋದ ದಿನವೂ ನೋಡಿರಲಿಲ್ಲ.

ಮಾರನೆಯ ಸಂಜೆಯೂ ಅವಳೇ, ಅದರ ಮಾರನೆಯ ಸಂಜೆಯೂ ಅವಳೇ. ಒಬ್ಬಳ ಮೈ ಎಷ್ಟು ತಡೆದೀತು? ಒಂದು ವಾರಕ್ಕೆ ಮುಖ ಸುಣ್ಣದ ಹಾಗಾಯಿತು. ಆಗ ಮೇಷ್ಟ್ರು ಕೋಲು ಊರಿಕೊಂಡು ಬಂದು ಕಟ್ಟೆಯ ಪಕ್ಕ ನಿಂತರು. "ನನಗೂ ಬಂದು ಹೋಗಿದೆ ತಾಯಿ. ನಾನು ಕೂರಬಹುದು."

"ನಿಮ್ಮ ಮೈಯಲ್ಲಿ ಒಂದು ಪಂಕ್ತಿಗೆ ಆಗೋಷ್ಟೂ ಇಲ್ಲ ಮೇಷ್ಟ್ರೇ."

"ಇದ್ದಷ್ಟು ಬಡಿಸ್ತೀನಿ."

ಅವಳು ಅವರ ಹಣೆ ಮುಟ್ಟಿ ನೋಡಿದಳು, ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ಆಸ್ಪತ್ರೆಗೆ ಒಯ್ದು ನೋಡಿದಳು, ಮಾರನೆಯ ದಿನ ಸರಿ ಅಂದಳು. ಆಮೇಲೆ ಒಂದು ಸಂಜೆ ಅವಳು, ಒಂದು ಸಂಜೆ ಅವರು. ಜ್ವರ ಬಂದು ಎದ್ದ ಇನ್ನೂ ಕೆಲವರು ಸೇರಿಕೊಂಡರು. ಚೆಲುವಮ್ಮನ ಮಗನೂ ಚೇತರಿಸಿಕೊಂಡು ಬಂದು ಕೂತ, ಚೆಲುವಮ್ಮ ಪಕ್ಕದಲ್ಲೇ ನಿಂತು ಸೊಳ್ಳೆಗಳಿಗೆ ಹಿಡಿಶಾಪ ಹಾಕಿದಳು. "ಕುಡೀರಿ, ಕುಡಿದು ಸಾಯ್ರಿ! ನಿಮ್ಮ ಮರಿಗಳನ್ನ ನನ್ನ ಮೀನು ತಿನ್ನಾ!" ಅತ್ತಿಗೆ ಅಣ್ಣ ಹೋದ ಮೇಲೆ ಮೊದಲ ಸಲ ನಕ್ಕದ್ದು ಆಗ.

ಪೆಟ್ಟಿಗೆಗಳ ವಿಷಯ ಕೇಳುತ್ತೀರಿ. ಫಕ್ರುದ್ದೀನಣ್ಣ ಅವನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದರು, ಮನಸ್ಸು ಬದಲಾದರೆ ಇರಲಿ ಎಂದು. ಅತ್ತಿಗೆ ದಿನಾ ಬೆಳಿಗ್ಗೆ ಹತ್ತಿ ಬದಲಿಸುತ್ತಿದ್ದಳು. ನಾನು ಕೇಳಿಯೇಬಿಟ್ಟೆ: "ಬಿಡೋದಿಲ್ಲ ಅಂದ ಮೇಲೆ ಸಕ್ಕರೆ ನೀರು ಯಾಕೆ ಅತ್ತಿಗೆ?"

"ಸಾಯೋದಕ್ಕೆ ಬಿಟ್ಟಿದ್ದೀನಿ ಕಣೆ. 'ಹಸಿದು ಸಾಯ್ಲಿ' ಅಂದಿಲ್ಲ."

ಗುಂಯ್ ಅನ್ನುವ ಸದ್ದು ದಿನದಿನಕ್ಕೆ ಸಣ್ಣದಾಗಿ ಒಂದು ಬೆಳಿಗ್ಗೆ ನಿಂತಿತು. ಅವಳು ಪೆಟ್ಟಿಗೆಗಳನ್ನು ತೊಳೆದು, ಬಿಸಿಲಿಗಿಟ್ಟು, ಒರೆಸಿ, ಅಟ್ಟದ ಮೇಲೆ ಜೋಡಿಸಿದಳು. ಎಸೆಯಲಿಲ್ಲ. "ಇದು ಆಗ್ದೇ ಹೋದ್ರೆ, ಇನ್ನೊಂದು ಸಲ ಒಂದು ಮಗು ಹೋದ್ರೆ, ನಾನೇ ಬೆಟ್ಟ ಹತ್ತಿ ತುಂಬಿಸ್ಕೊಂಡು ಬರ್ತೀನಿ. ಅವತ್ತು ಯಾರನ್ನೂ ಕೇಳಲ್ಲ. ನನಗೆ ಸೊಳ್ಳೆ ಮೇಲೆ ಪ್ರೀತಿ ಅಂತ ಊರೆಲ್ಲ ಹಾಡು ಕಟ್ಕೊಂಡು ತಿರುಗ್ಬೇಡ ನೀನು," ಅಂದಳು. ಹಾಡು ಕಟ್ಟಿಲ್ಲ ಅತ್ತಿಗೆ. ಕಥೆ ಹೇಳುತ್ತಿದ್ದೇನೆ ಅಷ್ಟೇ.

ಆ ತಿಂಗಳು ಕಳೆದ ಮೇಲೆ ನಮ್ಮ ಬೀದಿಯಲ್ಲಿ ಹೊಸದಾಗಿ ಯಾರಿಗೂ ಕೆಂಜ್ವರ ಬರಲಿಲ್ಲ. ಸರದಿ ಮತ್ತೆ ಮನೆಮನೆಗೆ ಹೊರಟಿತು, ಎರಡು ಬದಲಾವಣೆಯೊಂದಿಗೆ. ಒಂದು, ಕೂರುವವರ ಹಣೆಯನ್ನು ಅತ್ತಿಗೆ ಮುಟ್ಟಿ ನೋಡಬೇಕು, ಅನುಮಾನ ಬಂದರೆ ಬೆರಳು ಚುಚ್ಚಬೇಕು. ಇನ್ನೊಂದು ಅವ್ವನ ಆಲೋಚನೆ, ನನಗೆ ಅದೇ ಹೆಚ್ಚು ಇಷ್ಟ. 'ಇವತ್ತು ನನ್ನ ಕೈಲಿ ಆಗಲ್ಲ' ಎಂದು ಬಾಯಿಬಿಟ್ಟು ಹೇಳಿದವರ ಮನೆಗೂ ಹುರುಳಿಕಟ್ಟಿನ ಸಾರು ಹೋಗಬೇಕು, ಕೂತವರ ಮನೆಗೆ ಹೋಗುವಷ್ಟೇ. ಮೊದಮೊದಲು ಯಾರೂ ಹೇಳಲಿಲ್ಲ, ನಾಚಿಕೆ. ಒಂದು ಸಂಜೆ ಬೋರಯ್ಯ ಮೇಷ್ಟ್ರು ಕಟ್ಟೆಯ ಹತ್ತಿರ ಬಂದು, ಬೆನ್ನು ನೆಟ್ಟಗೆ ಮಾಡಿಕೊಂಡು, ಡ್ರಿಲ್ಲಿನಲ್ಲಿ ನಿಂತ ಹಾಗೆ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದರು: "ನನಗೆ ನೆಗಡಿ! ಇವತ್ತು ನನ್ನ ಕೈಲಿ ಆಗಲ್ಲ!" ಆಮೇಲೆ ಎಲ್ಲರ ಮುಖ ನೋಡಿದರು. ಸಾರಿನ ಪಾತ್ರೆ ಹಿಡಿದು ಅವರ ಮನೆಗೆ ಹೋದವಳು ಅತ್ತಿಗೆ.

ಅವರು ಹಾಗೆ ಹೊರಟುಹೋದ ಆ ಸಂಜೆ ಕಟ್ಟೆಗೆ ಯಾರು ಅಂದರೆ, ನಾನು! ಕೈ ಎತ್ತಿ ಹಾರಿ ಬಂದೆ. ಅತ್ತಿಗೆ ನನ್ನ ಹಣೆಗೆ ಕೈಯ ಹಿಂಬದಿಯಿಟ್ಟು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು. "ತಣ್ಣಗಿದ್ದೀಯ. ಹೋಗು," ಅಂದಳು. ಹಳದಿ ರವಿಕೆ ಹಾಕಿಕೊಳ್ಳಲೂ ಪುರುಸೊತ್ತಾಗಲಿಲ್ಲ. ಕೂತೆ. ಬಂದವು. ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ಬೀದಿಯ ಆ ಕೊನೆಯಲ್ಲಿ ಚೆಲುವಮ್ಮನ ಮೊಮ್ಮಗಳು ಬಯಲಲ್ಲಿ ಚಾಪೆಯ ಮೇಲೆ ಬರಿಮೈಯಲ್ಲಿ ಉರುಳಾಡುತ್ತಿದ್ದಳು, ಅವಳ ಮೇಲೆ ಒಂದೂ ಕೂರಲಿಲ್ಲ.

ಮಾರನೆಯ ಬೆಳಿಗ್ಗೆ ಕಡುಬಿನಂಥ ತೋಳು ಹೊತ್ತುಕೊಂಡು ಬಾಗಿಲು ತೆಗೆದರೆ, ಮೂಗು ಸೋರಿಸಿಕೊಂಡು ಮೇಷ್ಟ್ರು ನಿಂತಿದ್ದರು, ಕೈಯಲ್ಲಿ ಸಾರಿನ ಪಾತ್ರೆ. ತಾವೇ ಮಾಡಿದ್ದಂತೆ. ಉಪ್ಪು ಒಂದು ಹಿಡಿ ಜಾಸ್ತಿ. ಅತ್ತಿಗೆಗೂ ಒಂದು ಲೋಟ ಬಗ್ಗಿಸಿದೆ. ಇಬ್ಬರೂ ಜಗಲಿಯ ಮೇಲೆ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಒಂದು ತೊಟ್ಟೂ ಬಿಡದೆ ಕುಡಿದೆವು.